ಸ್ಯಾನಿಟೈಸರ್‌ಗೂ ಕೂಗುವ ಗ್ಯಾಸ್ ಡಿಟೆಕ್ಟರ್ ನಕಲಿಯೇ?

"ಗ್ಯಾಸ್ ಡಿಟೆಕ್ಟರ್ ಹತ್ತಿರ ಸ್ವಲ್ಪ ಸ್ಯಾನಿಟೈಸರ್ ಹಿಡಿಯಿರಿ. ಕೂಗಿದರೆ ಅದು ನಕಲಿ, ಕಿತ್ತೆಸೆಯಿರಿ." ಇಂಥದ್ದೊಂದು ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಸ್ಯಾನಿಟೈಸರ್‌ಗೆ ಹಲವು ಡಿಟೆಕ್ಟರ್‌ಗಳು ಕೂಗುವುದು ನಿಜ. ಆದರೆ ಅಷ್ಟಕ್ಕೇ ಅವು ನಕಲಿ ಎನ್ನುವುದು ತಪ್ಪು, ಕಿತ್ತೆಸೆಯುವುದು ಅಪಾಯ. ಯಾಕೆಂದು ನೋಡೋಣ.

ಒಳಗೆ ನಡೆಯುವುದೇನು?

ಇಂಥ ಬಹುತೇಕ ಡಿಟೆಕ್ಟರ್‌ಗಳ ಒಳಗಿರುವುದು ಲೋಹದ ಆಕ್ಸೈಡಿನ ಸೆನ್ಸರ್, ಸಾಮಾನ್ಯವಾಗಿ ತವರದ ಆಕ್ಸೈಡ್. ಜಪಾನಿನ ನಾವೊಯೋಶಿ ತಾಗುಚಿ 1960ರ ದಶಕದಲ್ಲಿ ಇದನ್ನು ಮನೆಬಳಕೆಗೆ ತಂದರು. ಒಳಗಿನ ಪುಟ್ಟ ಹೀಟರ್ ಇದನ್ನು ಸುಮಾರು 200ರಿಂದ 400 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತದೆ. ಆಗ ಗಾಳಿಯ ಆಮ್ಲಜನಕ ಅದರ ಮೇಲ್ಮೈಗೆ ಅಂಟಿಕೊಂಡು ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ವಿದ್ಯುತ್ ಹರಿಯುವುದು ಕಷ್ಟವಾಗುತ್ತದೆ. ಅಡುಗೆ ಅನಿಲ ಸೋರಿದರೆ ಅದು ಈ ಆಮ್ಲಜನಕದ ಜೊತೆ ವರ್ತಿಸುತ್ತದೆ, ಎಲೆಕ್ಟ್ರಾನ್‌ಗಳು ಬಿಡುಗಡೆಯಾಗುತ್ತವೆ, ವಿದ್ಯುತ್ ಸರಾಗವಾಗಿ ಹರಿಯುತ್ತದೆ. ಅಲಾರಾಂ ಕೂಗುತ್ತದೆ.

ತೊಡಕು ಇರುವುದು ಇಲ್ಲೇ. ಸ್ಯಾನಿಟೈಸರ್ ಅಥವಾ ಸೆಂಟಿನಲ್ಲಿರುವ ಆಲ್ಕೋಹಾಲ್ ಆವಿಯೂ ಇದೇ ಕೆಲಸ ಮಾಡುತ್ತದೆ. ಮನೆ ಕಾಯುವ ನಾಯಿ ಕಳ್ಳನಿಗೂ ಬೊಗಳುತ್ತದೆ, ಅಂಚೆಯಣ್ಣನಿಗೂ ಬೊಗಳುತ್ತದೆ. ಹಾಗೆಂದು ನಾಯಿಯನ್ನು ನಾವು ಓಡಿಸುವುದಿಲ್ಲ.

ಇದಕ್ಕೆ ಪರಿಹಾರವಿಲ್ಲವೇ?

ಬೇಕಾದ ಅನಿಲವನ್ನಷ್ಟೇ ಗುರುತಿಸುವ ಗುಣಕ್ಕೆ ವಿಜ್ಞಾನಿಗಳು ಸೆಲೆಕ್ಟಿವಿಟಿ ಎನ್ನುತ್ತಾರೆ. ಅದನ್ನು ಹೆಚ್ಚಿಸಲು ಹಲವು ದಾರಿಗಳಿವೆ.

ಸೋಸುವುದು: ಸೆನ್ಸರ್ ಮುಂದೆ ಸಕ್ರಿಯ ಇದ್ದಿಲಿನ ಪದರ ಇಟ್ಟರೆ ಅದು ಆಲ್ಕೋಹಾಲ್ ಆವಿಯನ್ನು ಹಿಡಿದುಕೊಳ್ಳುತ್ತದೆ, ಅಡುಗೆ ಅನಿಲವನ್ನು ಒಳಗೆ ಬಿಡುತ್ತದೆ. ಇಂಥ ಸೆನ್ಸರ್‌ಗಳು ಈಗಾಗಲೇ ಮಾರುಕಟ್ಟೆಯಲ್ಲಿವೆ.

ಬೆರೆಸುವುದು: ಪಲ್ಲಾಡಿಯಂ, ಚಿನ್ನದಂಥ ಲೋಹದ ಸೂಕ್ಷ್ಮ ಕಣ ಸೇರಿಸಿದರೆ ಯಾವ ಅನಿಲಕ್ಕೆ ಎಷ್ಟು ಸ್ಪಂದಿಸಬೇಕು ಎಂಬುದು ಬದಲಾಗುತ್ತದೆ. ತಾಮ್ರದ ಆಕ್ಸೈಡ್ ಸೇರಿಸಿದರೆ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡನ್ನು ಚೆನ್ನಾಗಿ ಗುರುತಿಸುತ್ತದೆ.

ಬಿಸಿ ಬದಲಿಸುವುದು: ಕಾರ್ಬನ್ ಮಾನಾಕ್ಸೈಡ್ ಕಡಿಮೆ ಬಿಸಿಯಲ್ಲಿ, ಮೀಥೇನ್ ಹೆಚ್ಚು ಬಿಸಿಯಲ್ಲಿ ಚೆನ್ನಾಗಿ ಪತ್ತೆಯಾಗುತ್ತವೆ.

ಗುಂಪು ಕಟ್ಟುವುದು: ಬೇರೆ ಬೇರೆ ಸೆನ್ಸರ್‌ಗಳನ್ನು ಒಟ್ಟಿಗೆ ಇಟ್ಟು, ಅವು ಕೊಡುವ ಸಂಕೇತಗಳನ್ನು ಕಂಪ್ಯೂಟರ್‌ನಿಂದ ಹೋಲಿಸುವುದು. ಇದೇ 'ಎಲೆಕ್ಟ್ರಾನಿಕ್ ಮೂಗು'.

ಇಷ್ಟಾದರೂ ತೇವಾಂಶ ಮತ್ತು ಸೆನ್ಸರಿನ ವಯಸ್ಸು ಲೆಕ್ಕ ತಪ್ಪಿಸಬಲ್ಲವು. ಹಾಗಾಗಿ ಕೈಪಿಡಿಯಲ್ಲಿ ಹೇಳಿದ ಅವಧಿ ಮುಗಿದ ಮೇಲೆ ಡಿಟೆಕ್ಟರ್ ಬದಲಿಸಿ.

ನಾವು ಏನು ಮಾಡಬೇಕು?

ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದ ಹತ್ತಿರ ಸೇರುತ್ತದೆ. ಅದರ ಡಿಟೆಕ್ಟರ್ ಕೆಳಗಿರಬೇಕು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಅದರದ್ದು ಮೇಲಿರಬೇಕು. ಗಾಳಿಯಲ್ಲಿ ಸುಮಾರು 2% ಅಡುಗೆ ಅನಿಲ ಸೇರಿದರೂ ಒಂದು ಕಿಡಿ ಸಾಕು. ಡಿಟೆಕ್ಟರ್ ಅದಕ್ಕಿಂತ ಮೊದಲೇ ಎಚ್ಚರಿಸಲು ಇರುವುದು.

ಆದ್ದರಿಂದ ಅಲಾರಾಂ ಕೂಗಿದಾಗ "ಅಗರಬತ್ತಿ ಇರಬೇಕು ಬಿಡು" ಎನ್ನಬೇಡಿ. ಉರಿಯುವುದನ್ನು ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆಯಿರಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಬೇಡಿ. ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ಈ ಫಾರ್ವರ್ಡ್ ಅರ್ಧ ಸತ್ಯ. ಸ್ಯಾನಿಟೈಸರ್‌ಗೆ ಕೂಗಿದ ಡಿಟೆಕ್ಟರ್ ಕೆಲಸ ಮಾಡುತ್ತಿದೆ, ಗುರುತು ಹಿಡಿಯುವುದರಲ್ಲಷ್ಟೇ ಎಡವಿದೆ. ಆ ಸಂದೇಶದ ಬದಲು ಇದನ್ನು ಹಂಚಿಕೊಳ್ಳಿ.