ಪಳ್ಳದ ಜೇಕು: ಕಾಸರಗೋಡಿನ ಮುರಕಲ್ಲು ಗುಡ್ಡಗಳ ಜೌಗು ಸಮುದಾಯ

ಗಡಿನಾಡು ಎಂದ ಕೂಡಲೇ ನಾವು ಶಾಲೆ, ಭಾಷೆ, ಆಡಳಿತದ ಮಾತಾಡ್ತೇವೆ. ನಾನಿವತ್ತು ನೆಲದ ಕಡೆಯಿಂದ ಬರುತ್ತೇನೆ. ಬದಿಯಡ್ಕ, ಪಳ್ಳತ್ತಡ್ಕ: ಈ ಊರಹೆಸರುಗಳನ್ನು ಬಿಡಿಸಿ ನೋಡಿ. ಅಡ್ಕ ಅಂದರೆ ಗುಡ್ಡದ ಮೇಲಿನ ಸಮತಟ್ಟು ಬಯಲು. ಪಳ್ಳ ಅಂದರೆ ನೀರು ತಾನಾಗಿ ನಿಲ್ಲುವ ತಗ್ಗು. ಅಲ್ಲಿ ಬೆಳೆಯುವ ಜೇಕಿನ ಬಗ್ಗೆ ನನ್ನ ಮಾತು.

ಜೇಕನ್ನು ನಮ್ಮಲ್ಲಿ ಹೆಚ್ಚಿನವರು ಹುಲ್ಲು ಎಂದೇ ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಅದು ಬೇರೆ ಕುಟುಂಬ: ಸೈಪರೇಸಿ. ಜಗತ್ತಿನಲ್ಲಿ ಸುಮಾರು 5,500 ಪ್ರಭೇದಗಳಿವೆ. ತೋಟದ ಕೊನ್ನಾರಿ ಗಡ್ಡೆಯೂ ಇದೇ ಕುಟುಂಬದ್ದು. ಅದರ ಹೂದಂಟನ್ನು ಬೆರಳ ನಡುವೆ ಉರುಳಿಸಿದರೆ ಮೂರು ಅಂಚು ಸಿಗುತ್ತದೆ. ಹುಲ್ಲಿನ ದಂಟು ಸಾಮಾನ್ಯವಾಗಿ ದುಂಡಗೆ, ಗಿಣ್ಣುಗಿಣ್ಣಾಗಿರುತ್ತದೆ. ಆದರೆ ಎಲ್ಲ ಜೇಕಿಗೂ ಮೂರಂಚು ಇರೋದಿಲ್ಲ. ಎಲಿಯೊಕಾರಿಸ್ ಡಲ್ಸಿಸ್‌ನ ಕಾಂಡ ದುಂಡಗೆ, ಒಳಗೆ ಟೊಳ್ಳು, ಅಡ್ಡ ಪರದೆಗಳಿಂದ ಕೋಣೆಕೋಣೆ. ಎಲೆ ಬರೀ ಪೊರೆಯಾಗಿ ಉಳಿದಿದೆ. ಆಹಾರ ತಯಾರಿಸುವ ಕೆಲಸ ಕಾಂಡದ್ದೇ.

ಬೇಸಿಗೆಯಲ್ಲಿ ಅಡ್ಕ ಕಪ್ಪಗಿನ ಬೋಳುಕಲ್ಲು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಗ ಅಂಗುಲದಷ್ಟು ಮಣ್ಣಿನ ವ್ಯತ್ಯಾಸವೂ ಗಿಡಗಳನ್ನು ಬೇರ್ಪಡಿಸುತ್ತದೆ. ಬರೀ ಕಲ್ಲಿನ ಮೇಲೆ ಪಾಚಿ. ತೆಳು ಮಣ್ಣು ನೆನೆದಲ್ಲಿ ಎರಿಯೊಕಾಲಾನ್‌ನ ಬಿಳಿ ಗುಂಡಿಗಳು, ಜೊತೆಗೆ ನೀಲಿ ಹೂವಿನ ಯುಟ್ರಿಕ್ಯುಲೇರಿಯ. ಆ ಮಣ್ಣಿನಲ್ಲಿ ಸಾರಜನಕ ಕಡಿಮೆ. ಹಾಗಾಗಿ ಯುಟ್ರಿಕ್ಯುಲೇರಿಯ ಸಣ್ಣ ಜೀವಿಗಳನ್ನು ಹಿಡಿದು ಕೊರತೆ ತುಂಬಿಕೊಳ್ಳುತ್ತದೆ. ಮಣ್ಣು ಸ್ವಲ್ಪ ದಪ್ಪವಾದಲ್ಲಿ ಫಿಂಬ್ರಿಸ್ಟೈಲಿಸ್‌ನಂಥ ಜೇಕುಗಳು ಹುಲ್ಲಿನ ಜೊತೆ ಹರಡುತ್ತವೆ.

ನೀರಿನಲ್ಲಿ ಮುಳುಗಿದ ಮಣ್ಣಿಗೆ ಗಾಳಿ ಇಳಿಯದು. ಸಾಧಾರಣ ಗಿಡದ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಜೌಗಿನ ಜೇಕು ಕಾಂಡದೊಳಗಿನ ಗಾಳಿದಾರಿಗಳಿಂದ ಬೇರಿಗೆ ಆಮ್ಲಜನಕ ಇಳಿಸುತ್ತದೆ. ಮಳೆ ಹೋದ ಮೇಲೆ ಕೆಲವು ಬೀಜವಾಗಿ, ಕೆಲವು ನೆಲದಡಿಯ ಗಡ್ಡೆಯಾಗಿ ಕಾಯುತ್ತವೆ. ಅಂದರೆ ಏಪ್ರಿಲ್‌ನಲ್ಲಿ ಹೋಗಿ "ಇಲ್ಲೇನೂ ಇಲ್ಲ" ಅಂತ ಬರೆದುಕೊಂಡು ಬಂದರೆ, ನೋಡಿದ್ದು ನಿದ್ದೆಯಲ್ಲಿದ್ದ ಜೌಗನ್ನು.

ಇದರಿಂದ ನಮಗೇನು? ಜೇಕಿನ ಬೇರು ತೆಳು ಮಣ್ಣನ್ನು ಹಿಡಿದಿಡುತ್ತದೆ, ಹರಿವ ನೀರನ್ನು ತಡೆಯುತ್ತದೆ. ತಡೆದ ನೀರಿಗೆ ಮುರಕಲ್ಲಿನ ರಂಧ್ರಗಳಲ್ಲಿ ಇಳಿಯಲು ಸಮಯ ಸಿಗುತ್ತದೆ. ಕಾಸರಗೋಡಿನವರು ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ಪಡೆಯುವುದು ಗುಡ್ಡದೊಳಗೆ ಹೀಗೆ ಇಳಿದು ಒಸರುವ ನೀರನ್ನೇ. ಮೇಲಿನ ಪಳ್ಳವನ್ನು ಮಣ್ಣು ಹಾಕಿ ಮುಚ್ಚಿದರೆ, ಅಡ್ಕವನ್ನು ಕಲ್ಲುಕೋರೆ ಮಾಡಿದರೆ, ಕೆಳಗಿನ ಅಡಿಕೆ ತೋಟದ ನೀರಿಗೂ ಕುತ್ತು. ದಾಖಲೆಯಲ್ಲಿ "ಪಾಳುಭೂಮಿ" ಎಂದಿದ್ದರೆ ಕೇಳುವವರೂ ಇರೋದಿಲ್ಲ.

2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯತಿನಲ್ಲೂ ಜನತಾ ಜೀವವೈವಿಧ್ಯ ದಾಖಲೆ ತಯಾರಿಸಲು ಅವಕಾಶವಿದೆ. ನನ್ನ ಸಲಹೆ ಇಷ್ಟೇ: ಪಳ್ಳಗಳನ್ನು ಮಳೆಗಾಲದಲ್ಲೇ ನೋಡಿ ಅದರಲ್ಲಿ ಸೇರಿಸೋಣ, ಕನ್ನಡ, ತುಳು, ಮಲಯಾಳ ಮೂರೂ ಹೆಸರು ಬರೆಯೋಣ. ಪಳ್ಳ ಎಂಬ ಪದ ಉಳಿದರೆ, ಅಲ್ಲಿ ನೀರು ನಿಲ್ಲುತ್ತಿತ್ತು ಎಂಬ ಸಾಕ್ಷಿಯೂ ಉಳಿಯುತ್ತದೆ. ನಿಮ್ಮೂರಿನ ಪಳ್ಳಗಳ ಮಾಹಿತಿ ಇದ್ದರೆ ಚರ್ಚೆಯಲ್ಲಿ ದಯವಿಟ್ಟು ಹೇಳಿ.