ಸೌಟು ಹಿಡಿದ ಸಾಧಕ

17ನೆಯ ಶತಮಾನದ ನಡುಗಾಲ. ಪ್ಯಾರಿಸ್ ನಗರದ ಕಾರ್ಮೆಲ್ ಪಂಥದ ಮಠದಲ್ಲಿ ಗಂಟೆ ಬಾರಿಸಿದೊಡನೆ ಸಂನ್ಯಾಸಿಗಳು ಪ್ರಾರ್ಥನಾಮಂದಿರಕ್ಕೆ ತೆರಳುವರು. ಅತ್ತ ಸ್ತೋತ್ರಗಳು ಮೊಳಗುತ್ತಿರಲು, ಇತ್ತ ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು, ಒಲೆಯ ಹೊಗೆ, ಅದು ತಾ ಇದು ತಾ ಎಂಬ ಅವಸರ. ಆ ಗದ್ದಲದ ನಡುವೆ ಕುಂಟುಗಾಲಿನ ಅಡಿಗೆಯವನೊಬ್ಬನು ಶಾಂತಚಿತ್ತನಾಗಿ ನಿಂತಿರುತ್ತಿದ್ದನು. ಅವನೇ ಸಹೋದರ ಲಾರೆನ್ಸ್. ಅವನು ಪಂಡಿತನಲ್ಲ, ಪಾದ್ರಿಯಲ್ಲ, ಪೀಠವೇರಿ ಉಪದೇಶಿಸಿದವನೂ ಅಲ್ಲ. ಆದರೂ ಮೂರು ಶತಮಾನಗಳಿಗೂ ಮಿಕ್ಕು ಕ್ರೈಸ್ತ ಜಗತ್ತು ಅವನ ಮಾತಿಗೆ ಕಿವಿಗೊಡುತ್ತ ಬಂದಿದೆ.

ಅವನ ಹುಟ್ಟುಹೆಸರು ನಿಕೊಲಾ ಹೆರ್ಮಾನ್. 1614ರ ಸುಮಾರಿಗೆ ಲೊರೇನ್ ಪ್ರಾಂತದ ಹಳ್ಳಿಯೊಂದರಲ್ಲಿ ಜನಿಸಿದನು. ಹದಿನೆಂಟರ ಪ್ರಾಯದಲ್ಲಿ ಒಂದು ಚಳಿಗಾಲ, ಎಲೆಯೆಲ್ಲ ಉದುರಿ ಬೋಳಾಗಿ ನಿಂತ ಮರವೊಂದು ಅವನ ಕಣ್ಣಿಗೆ ಬಿದ್ದಿತು. ಇದೇ ಮರ ಕೆಲವು ದಿನಗಳಲ್ಲಿ ಚಿಗುರಿ, ಹೂ ತಳೆದು, ಹಣ್ಣು ಬಿಡುವುದಲ್ಲವೇ ಎಂಬ ಯೋಚನೆ ಹೊಳೆದು, ಭಗವಂತನ ಕರುಣೆಯ ಅರಿವು ಅವನ ಎದೆಯಲ್ಲಿ ನಾಟಿತು. ಮುಂದೆಂದೂ ಅದು ಮಾಸಲಿಲ್ಲ.

ಆದರೆ ದಾರಿ ನೇರವಾಗಿರಲಿಲ್ಲ. ಯೂರೋಪನ್ನು ಸುಟ್ಟ ಮೂವತ್ತು ವರ್ಷಗಳ ಯುದ್ಧದಲ್ಲಿ ಸೈನಿಕನಾಗಿ, ಗಾಯಗೊಂಡು, ಊನಕಾಲನ್ನು ಎಳೆಯುತ್ತ ಹಿಂದಿರುಗಿದನು. ಬಳಿಕ ಶ್ರೀಮಂತನೊಬ್ಬನಲ್ಲಿ ಪರಿಚಾರಕನಾದನು. ಕೈಗೆ ಸಿಕ್ಕಿದ್ದನ್ನೆಲ್ಲ ಒಡೆಯುವ ಪೆದ್ದನೆಂದು ತನ್ನನ್ನು ತಾನೇ ಹಾಸ್ಯಮಾಡಿಕೊಳ್ಳುತ್ತಿದ್ದನು. ಈ ಪೆದ್ದತನಕ್ಕೆ ಮಠದಲ್ಲಿ ತಕ್ಕ ಶಿಕ್ಷೆಯಾಗಲಿ, ಬಾಳಿನ ಸುಖವೆಲ್ಲ ಅಲ್ಲಿ ಬಲಿಯಾಗಲಿ ಎಂದುಕೊಂಡೇ 1640ರಲ್ಲಿ ಅದರ ಬಾಗಿಲು ತಟ್ಟಿದನು. ಬಲಿ ಬೇಡಬೇಕಾದ ದೇವರು ಆನಂದವನ್ನು ಕೊಟ್ಟು ತನ್ನನ್ನು ಮೋಸಗೊಳಿಸಿದನೆಂದು ಮುಂದೆ ಅವನು ನಗುತ್ತ ಹೇಳುತ್ತಿದ್ದುದುಂಟು.

ಆ ಆನಂದ ಮಾತ್ರ ಸುಲಭದಲ್ಲಿ ಕೈಗೂಡಲಿಲ್ಲ. ಓದುಬರಹ ಅಷ್ಟಕ್ಕಷ್ಟೆಯಾದ್ದರಿಂದ ಅವನ ಪಾಲಿಗೆ ಬಂದದ್ದು ಅಡಿಗೆಮನೆ. ಅದೋ, ಅವನ ಸ್ವಭಾವಕ್ಕೆ ಒಂದಿಷ್ಟೂ ಒಗ್ಗದ ಕೆಲಸ. ಅದರ ಮೇಲೆ ಮನಸ್ಸಿನೊಳಗಿನ ಬೇಗೆ: ತಾನು ದೇವರಿಗೆ ಬೇಡವಾದ ಪಾಪಿಯೋ ಏನೋ ಎಂಬ ಭಯ ಸುಮಾರು ಹತ್ತು ವರ್ಷ ಅವನನ್ನು ಹಿಂಡಿತು. ಕಡೆಗೊಂದು ದಿನ, ಈ ಸಂಕಟದಲ್ಲಿಯೇ ಆಯುಷ್ಯ ಸವೆಯುವುದಾದರೆ ಸವೆಯಲಿ, ಪ್ರೀತಿಯನ್ನಂತೂ ಬಿಡೆನೆಂದು ನಿಶ್ಚಯಿಸಿದನು. ನೆಮ್ಮದಿಯ ಹಂಬಲವನ್ನು ಬಿಟ್ಟ ಆ ಗಳಿಗೆಯಲ್ಲಿಯೇ ನೆಮ್ಮದಿ ತಾನಾಗಿ ಬಂದು ನೆಲಸಿತು.

ಅವನ ಸಾಧನೆಯಲ್ಲಿ ಗಹನವಾದುದೇನೂ ಇರಲಿಲ್ಲ. ಮಾಡುವ ಕೆಲಸ ಯಾವುದೇ ಇರಲಿ, ಅದನ್ನು ದೇವರ ಪ್ರೀತಿಗಾಗಿ ಮಾಡುವುದು. ಪಕ್ಕದಲ್ಲಿರುವ ಗೆಳೆಯನೊಡನೆ ಮಾತನಾಡುವಂತೆ ಆಗಾಗ್ಗೆ ಆತನೊಡನೆ ಮಾತನಾಡುವುದು. ಮನಸ್ಸು ಅಲೆದರೆ ಗದರಿಸದೆ ಮೆಲ್ಲನೆ ಮರಳಿ ಕರೆತರುವುದು. ತಪ್ಪಿದರೆ ಒಪ್ಪಿಕೊಂಡು, ಕೊರಗದೆ ಮುಂದಿನ ಕೆಲಸಕ್ಕೆ ಕೈಹಚ್ಚುವುದು. ಪ್ರಾರ್ಥನೆಯ ವೇಳೆ ಬೇರೆ, ದುಡಿಮೆಯ ವೇಳೆ ಬೇರೆ ಎಂಬ ಗೆರೆಯೇ ಅವನ ಬಾಳಿನಿಂದ ಅಳಿಸಿಹೋಯಿತು.

ಮಠಕ್ಕೆ ದ್ರಾಕ್ಷಾರಸ ಕೊಳ್ಳಲು ಅವನನ್ನು ಬರ್ಗಂಡಿಗೆ ಕಳುಹಿದ ಪ್ರಸಂಗ ಸ್ವಾರಸ್ಯವಾದುದು. ವ್ಯಾಪಾರದ ಗಂಧವೇ ಅವನಿಗಿಲ್ಲ. ಕುಂಟುಗಾಲಿನಿಂದಾಗಿ ದೋಣಿಯಲ್ಲಿ ನಡೆದಾಡಲಾಗದೆ ಪೀಪಾಯಿಗಳ ಮೇಲೆ ಉರುಳಿಕೊಂಡೇ ಸಾಗಬೇಕು. ಇದು ನಿನ್ನ ಕೆಲಸ, ನೀನೇ ನೋಡಿಕೋ ಎಂದು ದೇವರಿಗೆ ಹೇಳಿ ಹೊರಟನು. ಕೆಲಸ ಚೆನ್ನಾಗಿಯೇ ಮುಗಿಯಿತು!

ಹದಿನೈದು ವರ್ಷ ಒಲೆಯ ಮುಂದೆ ನಿಂತ ಮೇಲೆ ಕಾಲುನೋವು ಮಿತಿಮೀರಲು, ಕುಳಿತು ಮಾಡಬಹುದಾದ ಪಾದರಕ್ಷೆಯ ಕೆಲಸಕ್ಕೆ ಅವನನ್ನು ಬದಲಾಯಿಸಿದರು. 1666ರಲ್ಲಿ ಜೋಸೆಫ್ ದ ಬೋಫೋರ್ ಎಂಬ ಪಾದ್ರಿ ಅವನನ್ನು ಕಂಡು ಮಾತನಾಡಿ, ಆ ಮಾತುಗಳನ್ನು ಬರೆದಿಟ್ಟುಕೊಂಡನು. ಫೆನೆಲೋನ್‌ನಂಥ ವಿದ್ವಾಂಸನೂ ಅವನನ್ನು ಭೇಟಿಮಾಡಿದನು. 1691ರ ಫೆಬ್ರವರಿಯಲ್ಲಿ ಲಾರೆನ್ಸ್ ತೀರಿಕೊಂಡ ಬಳಿಕ ಬೋಫೋರ್ ಅವನ ಪತ್ರಗಳನ್ನೂ ಸಂಭಾಷಣೆಗಳನ್ನೂ ಪ್ರಕಟಿಸಿದನು. ಆ ಕಿರುಹೊತ್ತಗೆ ಕ್ಯಾಥೊಲಿಕರ ಎಲ್ಲೆ ದಾಟಿ ಪ್ರಾಟೆಸ್ಟಂಟರ ಮನೆಗಳನ್ನೂ ಸೇರಿತು.

ದೇವರ ಕರೆ ಪಾದ್ರಿಗಳಿಗೂ ಸಂನ್ಯಾಸಿಗಳಿಗೂ ಮಾತ್ರ ಸಲ್ಲುವುದೆಂಬ ಭಾವನೆ ಕ್ರೈಸ್ತರಲ್ಲಿ ಬಹುಕಾಲ ಬೇರೂರಿತ್ತು. ಮಗುವನ್ನು ಸಾಕುವ ತಾಯಿಗೂ ನೇಗಿಲು ಹಿಡಿದ ರೈತನಿಗೂ ಆ ಕರೆಯುಂಟೆಂದು 16ನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ವಾದಿಸಿದನು. ಮಠದ ಗೋಡೆಯೊಳಗಿದ್ದ ಲಾರೆನ್ಸ್ ಯಾವ ವಾದವನ್ನೂ ಹೂಡದೆ, ಸೌಟು ಹಿಡಿದೇ ಆ ಸತ್ಯದ ಹೊಸ್ತಿಲನ್ನು ತಲುಪಿದನು. ತನಗೆ ಒಪ್ಪುವ ಕೆಲಸ ಸಿಗಲೆಂದು ಅವನು ಕಾಯುತ್ತ ಕೂಡಲಿಲ್ಲ. ಒಲ್ಲದ ಕೆಲಸದಲ್ಲಿಯೇ ಒಲವನ್ನು ಕಂಡುಕೊಂಡನು. ದಿನ ಬೆಳಗಾದರೆ ಅದೇ ಒಲೆ, ಅದೇ ಕಚೇರಿ, ಅದೇ ಕಡತಗಳೆಂದು ನಿಟ್ಟುಸಿರಿಡುವ ಮನೆಗಳಿಗೆ ಆ ಅಡಿಗೆಯವನು ಉಳಿಸಿಹೋದ ಬುತ್ತಿ ಇದೇ.