ಮಗಳ ಕಣ್ಣಿಗೆ ಲೆನ್ಸ್: ತಾಯಿ ತಿಳಿದಿರಬೇಕಾದ ಸಂಗತಿಗಳು



ಮಗಳು ಪಿಯುಸಿಗೆ ಸೇರಿರುತ್ತಾಳೆ. ಒಂದು ಸಂಜೆ ಕಾಲೇಜಿನಿಂದ ಬಂದವಳೇ ಕನ್ನಡಕ ತೆಗೆದಿಟ್ಟು, "ಅಮ್ಮಾ, ನನಗೆ ಇದು ಸಾಕು, ಲೆನ್ಸ್ ಕೊಡಿಸು" ಎನ್ನುತ್ತಾಳೆ. ಆಗ ನಿಮ್ಮ ಮನಸ್ಸಿಗೆ ಬರುವ ಪ್ರಶ್ನೆಗಳು ಮೂರು. ಅದೇನು ವಸ್ತು? ಖರ್ಚೆಷ್ಟು? ಕಣ್ಣಿಗೆ ಏನಾದರೂ ಆದರೆ ಯಾರು ಹೊಣೆ?

ನಮ್ಮ ಮನೆಯಲ್ಲೂ ಹೀಗೇ ಆಯಿತು. ನಾನು ಮೊದಲು ಬೇಡವೆಂದೆ. ಮಗಳು ಹಟ ಹಿಡಿದಳು. ಕೊನೆಗೆ ಕಣ್ಣಿನ ವೈದ್ಯರ ಬಳಿ ಹೋಗಿ ಕೇಳಿಕೊಂಡು ಬಂದು ಒಪ್ಪಿದೆ. ಒಂದು ವರ್ಷದಲ್ಲಿ ನಾವಿಬ್ಬರೂ ಕಲಿತದ್ದನ್ನು, ಒಮ್ಮೆ ನನ್ನಿಂದಲೇ ಆದ ತಪ್ಪನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ. ಓದಿದ ಮೇಲೆ ಲೆನ್ಸ್ ಕೊಡಿಸಬೇಕೋ ಬೇಡವೋ ನೀವೇ ತೀರ್ಮಾನಿಸಿ. ಕೊಡಿಸುವುದಾದರೆ ಅದರ ಶುಚಿತ್ವದ ಮೇಲ್ವಿಚಾರಣೆ ನಿಮ್ಮ ಕೈಯಲ್ಲೇ ಇರಲಿ.

ಲೆನ್ಸ್ ಎಂದರೇನು?

ಕಣ್ಣಿನ ಕರಿಗುಡ್ಡೆಯ ಮುಂದೆ ಗಾಜಿನಂತೆ ತಿಳಿಯಾದ ಒಂದು ಪದರವಿದೆ. ಅದನ್ನು ಕಾರ್ನಿಯಾ ಎನ್ನುತ್ತಾರೆ. ನಡುಭಾಗದಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಅದರಲ್ಲಿ ರಕ್ತನಾಳಗಳಿಲ್ಲ. ಅದಕ್ಕೆ ಬೇಕಾದ ಆಮ್ಲಜನಕದ ಹೆಚ್ಚಿನ ಪಾಲು ಗಾಳಿಯಿಂದ, ಕಣ್ಣೀರಿನ ಮೂಲಕ ಸಿಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಎಂದರೆ ಈ ಪದರದ ಮೇಲೆ, ಕಣ್ಣೀರಿನಲ್ಲಿ ತೇಲಿದಂತೆ ಕೂರುವ ಮೆದುವಾದ ಪ್ಲಾಸ್ಟಿಕ್ ಬಿಲ್ಲೆ. ಒಳ್ಳೆಯ ಲೆನ್ಸ್ ಗಾಳಿಯನ್ನು ಒಳಕ್ಕೆ ಬಿಡುತ್ತದೆ. ಆದರೂ ಅದು ಕಣ್ಣಿನ ಮೇಲಿನ ಮುಚ್ಚಳವೇ. ಮುಚ್ಚಳ ಹೆಚ್ಚು ಹೊತ್ತು ಇದ್ದರೆ, ಇಲ್ಲವೇ ಕೊಳೆಯಾಗಿದ್ದರೆ, ಕೆಳಗಿನದು ಕೆಡುತ್ತದೆ. ಹಾಲಿನ ಕ್ಯಾನು ತೊಳೆಯುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಮೆದು ಲೆನ್ಸನ್ನು ರೂಪಿಸಿದವರು ಆಗಿನ ಚೆಕೊಸ್ಲೊವಾಕಿಯಾದ ರಸಾಯನ ವಿಜ್ಞಾನಿ ಓಟೋ ವಿಕ್ಟರ್ಲೆ. 1961ರ ಕ್ರಿಸ್‌ಮಸ್ ಸಮಯದಲ್ಲಿ ಮಕ್ಕಳ ಆಟದ ಜೋಡಣೆ ಸಾಮಾನು ಮತ್ತು ಸೈಕಲ್ ಡೈನಮೋ ಬಳಸಿ, ಅವರು ಮನೆಯಲ್ಲೇ ಒಂದು ಯಂತ್ರ ಕಟ್ಟಿ ಲೆನ್ಸ್ ತಯಾರಿಸಿದರು. ಹುಟ್ಟಿದ್ದು ಮನೆಯಲ್ಲೇ ಆದರೂ ಲೆನ್ಸಿನ ವಿಷಯದಲ್ಲಿ ಮನೆಮದ್ದು ನಡೆಯುವುದಿಲ್ಲ.

ಕೊಳ್ಳುವ ಮುಂಚೆ

ಕನ್ನಡಕದ ಚೀಟಿ ತೋರಿಸಿ ಲೆನ್ಸ್ ತರುವಂತಿಲ್ಲ. ಕನ್ನಡಕ ಕಣ್ಣಿನಿಂದ ಸ್ವಲ್ಪ ದೂರದಲ್ಲಿರುತ್ತದೆ, ಲೆನ್ಸ್ ಕಣ್ಣಿಗೆ ತಾಗಿಯೇ ಇರುತ್ತದೆ. ಹಾಗಾಗಿ ಪವರ್ ಹೆಚ್ಚಿದ್ದವರಿಗೆ ಎರಡರ ಅಂಕಿ ಬೇರೆಯಾಗುತ್ತದೆ. ಕಣ್ಣಿನ ಉಬ್ಬು ಮತ್ತು ಲೆನ್ಸಿನ ಅಗಲವನ್ನೂ ಹೊಂದಿಸಬೇಕು. ಇದಕ್ಕೆ ಕಣ್ಣಿನ ವೈದ್ಯರ ತಪಾಸಣೆಯೇ ಆಗಬೇಕು. ಮದುವೆ ಮನೆಗೆಂದು ಹಾಕುವ, ಪವರ್ ಇಲ್ಲದ ಬಣ್ಣದ ಲೆನ್ಸಿಗೂ ಇದೇ ನಿಯಮ. ಗೆಳತಿಯ ಲೆನ್ಸನ್ನು ಒಂದು ಗಂಟೆಯ ಮಟ್ಟಿಗೂ ಹಾಕಿಕೊಳ್ಳಬಾರದು.

ಕನ್ನಡಕ ಒಂದು ಸಲದ ಖರ್ಚು, ಲೆನ್ಸ್ ತಿಂಗಳು ತಿಂಗಳೂ ಬರುವ ಖರ್ಚು. ಲೆನ್ಸ್, ಅದನ್ನು ತೊಳೆಯುವ ದ್ರಾವಣ, ಇಡುವ ಡಬ್ಬಿ, ವರ್ಷಕ್ಕೊಮ್ಮೆ ತಪಾಸಣೆ, ಇಷ್ಟೂ ಸೇರುತ್ತದೆ. ಹಾಲಿನ ಬಟವಾಡೆಯಲ್ಲಿ ಪ್ರತಿ ತಿಂಗಳೂ ಇಷ್ಟನ್ನು ತೆಗೆದಿಡಲು ಆಗುತ್ತದೆಯೇ ಎಂದು ಮೊದಲೇ ಲೆಕ್ಕ ಹಾಕಿ. ಆಗದಿದ್ದರೆ ಕನ್ನಡಕವೇ ಒಳ್ಳೆಯದು. ಅವಧಿ ಮುಗಿದ ಲೆನ್ಸನ್ನು ಉಳಿತಾಯಕ್ಕೆಂದು ಇನ್ನೊಂದು ತಿಂಗಳು ಎಳೆಯುವುದು ಅಪಾಯ. ಒಂದು ತಿಂಗಳ ಲೆನ್ಸ್ ಎಂದರೆ ಪೊಟ್ಟಣ ಒಡೆದ ದಿನದಿಂದ ಒಂದು ತಿಂಗಳು. ನಡುವೆ ಹತ್ತು ದಿನ ಹಾಕದೇ ಇದ್ದರೂ ಲೆಕ್ಕ ಮುಂದಕ್ಕೆ ಹೋಗುವುದಿಲ್ಲ. ಪೊಟ್ಟಣ ಒಡೆದ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ, ಹಸುವಿಗೆ ಇಂಜೆಕ್ಷನ್ ಕೊಡಿಸಿದ ತಾರೀಖು ಬರೆದಿಡುವಂತೆ.

ದಿನಕ್ಕೊಂದರಂತೆ ಹಾಕಿ ಎಸೆಯುವ ಲೆನ್ಸ್ ಕೂಡ ಸಿಗುತ್ತದೆ. ಅದಕ್ಕೆ ದ್ರಾವಣ, ಡಬ್ಬಿ ಬೇಡ. ಅಪರೂಪಕ್ಕೆ ಮಾತ್ರ ಲೆನ್ಸ್ ಹಾಕುವ ಹುಡುಗಿಯರಿಗೆ ಅದು ಅನುಕೂಲ.

ಯಾವ ವಯಸ್ಸಿಗೆ ಕೊಡಿಸಬಹುದು ಎಂದು ನಾನೂ ಕೇಳಿದ್ದೆ. "ವಯಸ್ಸಿಗಿಂತ ಜವಾಬ್ದಾರಿ ನೋಡಿ" ಎಂದರು ವೈದ್ಯರು. ಹೇಳಿಸಿಕೊಳ್ಳದೆ ಕೈ ತೊಳೆಯುವ, ತನ್ನ ವಸ್ತುಗಳನ್ನು ತಾನೇ ಎತ್ತಿಡುವ ಮಗಳಾದರೆ ಕಲಿಯಬಲ್ಲಳು.

ಹಾಕುವುದು, ತೆಗೆಯುವುದು

ಮೊದಲ ದಿನ ಆಸ್ಪತ್ರೆಯಲ್ಲೇ ಕಲಿಸುತ್ತಾರೆ. ನೀವೂ ಪಕ್ಕದಲ್ಲಿ ಕುಳಿತು ನೋಡಿ. ಮಗಳು ತಾನಾಗಿಯೇ ಎರಡು ಮೂರು ಸಲ ಹಾಕಿ ತೆಗೆಯುವವರೆಗೆ ಅಲ್ಲಿಂದ ಏಳಬೇಡಿ. ನನ್ನ ಮಗಳಿಗೆ ಮೊದಲ ಲೆನ್ಸ್ ಹಾಕಲು ಮುಕ್ಕಾಲು ಗಂಟೆ ಹಿಡಿಯಿತು. ಬೆರಳು ಹತ್ತಿರ ಬಂದಂತೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕಣ್ಣಲ್ಲಿ ನೀರು, ಜೊತೆಗೆ ಅಳು. ಎರಡು ವಾರದಲ್ಲಿ ಅದೇ ಕೆಲಸ ಎರಡು ನಿಮಿಷಕ್ಕೆ ಬಂತು. ಮೊದಲ ಸಲ ಹಾಲು ಕರೆಯಲು ಕೂತಾಗ ನಮಗೂ ಧಾರೆ ಬಂದಿರಲಿಲ್ಲ, ಬೆರಳಿಗೆ ರೂಢಿಯಾಗಬೇಕು. ಕ್ರಮ ಹೀಗಿದೆ:

1. ಉಗುರು ಗಿಡ್ಡ ಇರಲಿ. ಸೋಪು ಹಾಕಿ ಕೈ ತೊಳೆದು, ನೂಲು ಬಿಡದ ಶುಭ್ರ ಬಟ್ಟೆಯಲ್ಲಿ ಪೂರ್ತಿ ಒರೆಸಿಕೊಳ್ಳಬೇಕು. ಒದ್ದೆ ಬೆರಳಿಗೆ ಲೆನ್ಸ್ ಅಂಟಿಕೊಳ್ಳುತ್ತದೆ, ನಲ್ಲಿ ನೀರು ಕಣ್ಣಿಗೆ ಸೇರುತ್ತದೆ.

2. ಮೇಜಿನ ಮೇಲೆ ಶುಭ್ರ ಟವೆಲ್ ಹಾಸಿ, ಕನ್ನಡಿ ಇಟ್ಟುಕೊಳ್ಳಲಿ. ಯಾವಾಗಲೂ ಬಲಗಣ್ಣಿನಿಂದಲೇ ಆರಂಭಿಸಿದರೆ ಎಡ ಬಲ ಅದಲು ಬದಲಾಗುವುದಿಲ್ಲ.

3. ಲೆನ್ಸನ್ನು ತೋರುಬೆರಳ ತುದಿಯಲ್ಲಿಟ್ಟು ಪಕ್ಕದಿಂದ ನೋಡಬೇಕು. ಬಟ್ಟಲಿನಂತೆ ಅಂಚು ನೇರ ಮೇಲಕ್ಕಿದ್ದರೆ ಸರಿ. ತಟ್ಟೆಯಂತೆ ಅಂಚು ಹೊರಕ್ಕೆ ಚೆಲ್ಲಿಕೊಂಡಿದ್ದರೆ ಒಳಹೊರಗಾಗಿದೆ ಎಂದು ಅರ್ಥ. ಹರಿದಿದ್ದರೆ, ಕಸ ಕಂಡರೆ ಹಾಕಬಾರದು.

4. ಅದೇ ಕೈಯ ನಡುಬೆರಳಿನಿಂದ ಕೆಳರೆಪ್ಪೆಯನ್ನು ಕೆಳಗೆಳೆದು, ಇನ್ನೊಂದು ಕೈಯಿಂದ ಮೇಲುರೆಪ್ಪೆಯನ್ನು ಎತ್ತಿ ಹಿಡಿದು, ಲೆನ್ಸನ್ನು ಮೆಲ್ಲಗೆ ಕಣ್ಣಿಗೆ ತಾಗಿಸಬೇಕು. ಕೆಳಗೆ ನೋಡಿ, ನಿಧಾನಕ್ಕೆ ರೆಪ್ಪೆ ಬಿಟ್ಟು, ಮಿಟುಕಿಸಬೇಕು.

5. ತೆಗೆಯುವಾಗಲೂ ಮೊದಲು ಕೈ ತೊಳೆದು ಒರೆಸಿಕೊಳ್ಳಬೇಕು. ಮೇಲೆ ನೋಡುತ್ತಾ, ಲೆನ್ಸನ್ನು ಬಿಳಿಗುಡ್ಡೆಯ ಕಡೆಗೆ ಜಾರಿಸಿ, ಹೆಬ್ಬೆರಳು ತೋರುಬೆರಳ ಮೆತ್ತನೆಯ ಭಾಗದಿಂದ ಹಿಡಿದು ತೆಗೆಯಬೇಕು. ಉಗುರು ತಾಗಬಾರದು.

ಒಂದು ರಾತ್ರಿ ಲೆನ್ಸ್ ಬರಲೇ ಇಲ್ಲ. "ಕಣ್ಣಿನ ಹಿಂದಕ್ಕೆ ಹೋಗಿಬಿಟ್ಟಿತು" ಎಂದು ಮಗಳು ಗಾಬರಿಯಾದಳು. ಹಾಗೆ ಹೋಗಲು ದಾರಿಯೇ ಇಲ್ಲ. ರೆಪ್ಪೆಯ ಒಳಪದರವೇ ಮಡಚಿಕೊಂಡು ಕಣ್ಣಿನ ಬಿಳಿಭಾಗಕ್ಕೆ ಅಂಟಿಕೊಂಡಿರುತ್ತದೆ. ಲೆನ್ಸ್ ಒಣಗಿ ಅಂಟಿಕೊಂಡಿರಬಹುದು, ಇಲ್ಲವೇ ರೆಪ್ಪೆಯಡಿ ಸರಿದಿರಬಹುದು. ಲೆನ್ಸಿಗೆಂದೇ ಇರುವ ಕಣ್ಣಿನ ಹನಿ ಹಾಕಿ, ಕೆಲವು ನಿಮಿಷ ಬಿಟ್ಟು, ನಾಲ್ಕಾರು ಸಲ ಮಿಟುಕಿಸಿದರೆ ಸಡಿಲವಾಗುತ್ತದೆ. ಚಿವುಟಿ ಎಳೆಯಬಾರದು. ಆಗಲೂ ಬರದಿದ್ದರೆ ವೈದ್ಯರ ಬಳಿ ಹೋಗಬೇಕು.

ಮೊದಲ ದಿನಗಳಲ್ಲಿ ಎರಡರಿಂದ ನಾಲ್ಕು ಗಂಟೆ ಸಾಕು. ಆಮೇಲೆ ವೈದ್ಯರು ಹೇಳಿದಂತೆ ದಿನದಿಂದ ದಿನಕ್ಕೆ ಹೆಚ್ಚಿಸಬೇಕು. ಕಾಡಿಗೆ ಹಚ್ಚುವುದಾದರೆ ಲೆನ್ಸ್ ಹಾಕಿದ ಮೇಲೆ, ಅದೂ ರೆಪ್ಪೆಯ ಒಳ ಅಂಚಿಗಲ್ಲ. ಅಳಿಸುವ ಮುಂಚೆ ಲೆನ್ಸ್ ತೆಗೆಯಬೇಕು.

ತೊಳೆಯಲು ನೀರು ಬೇಡ

ನಮಗೆ ಒಪ್ಪಿಕೊಳ್ಳಲು ಕಷ್ಟವಾಗುವ ಮಾತು ಇದು. ನಾವು ಏನನ್ನಾದರೂ ನೀರಿನಲ್ಲೇ ತೊಳೆಯುವವರು. ಆದರೆ ಲೆನ್ಸಿಗೆ ನಲ್ಲಿ ನೀರು, ಬೋರ್‌ವೆಲ್ ನೀರು, ಕಾಯಿಸಿ ಆರಿಸಿದ ನೀರು, ಫಿಲ್ಟರ್ ನೀರು ಯಾವುದೂ ಆಗದು. ಎಂಜಲಂತೂ ಬೇಡವೇ ಬೇಡ. ನೀರಿನಲ್ಲಿ, ಮಣ್ಣಿನಲ್ಲಿ ಅಕಾಂತಮೀಬಾ ಎಂಬ ಕಣ್ಣಿಗೆ ಕಾಣದ ಜೀವಿ ಇರುತ್ತದೆ. ಕುಡಿದರೆ ಸಾಮಾನ್ಯವಾಗಿ ಏನೂ ಆಗದ ನೀರು, ಲೆನ್ಸಿನ ಅಡಿಯಲ್ಲಿ ಸೇರಿದಾಗ ಕಾರ್ನಿಯಾಗೆ ಹುಣ್ಣು ತರಬಹುದು. ಆ ಹುಣ್ಣು ಬಹಳ ನೋವಿನದು, ವಾಸಿಯಾಗಲು ತಿಂಗಳುಗಟ್ಟಲೆ ಬೇಕಾಗಬಹುದು. ಆದ್ದರಿಂದಲೇ ಲೆನ್ಸ್ ಹಾಕಿಕೊಂಡು ಸ್ನಾನ ಮಾಡಬಾರದು, ಮುಖಕ್ಕೆ ನೀರು ಎರಚಿಕೊಳ್ಳಬಾರದು, ಕೆರೆ ಕಾಲುವೆಗೆ ಇಳಿಯಬಾರದು.

ಲೆನ್ಸ್ ತೆಗೆದ ಮೇಲೆ ಅಂಗೈಯಲ್ಲಿಟ್ಟು, ಎರಡು ಹನಿ ದ್ರಾವಣ ಹಾಕಿ, ಎರಡೂ ಬದಿ ಬೆರಳಿನಿಂದ ಮೆಲ್ಲಗೆ ಉಜ್ಜಿ, ಮತ್ತೆ ದ್ರಾವಣದಲ್ಲೇ ತೊಳೆದು ಡಬ್ಬಿಗೆ ಹಾಕಬೇಕು. ಡಬ್ಬಿಗೆ ಪ್ರತಿದಿನವೂ ಹೊಸ ದ್ರಾವಣ. ನಿನ್ನೆಯದರ ಮೇಲೆ ಇಂದಿನದನ್ನು ಸುರಿಯಬಾರದು. ನಿನ್ನೆಯ ಹಾಲಿಗೆ ಇಂದಿನ ಹಾಲು ಬೆರೆಸಿ ಸಂಘಕ್ಕೆ ಒಯ್ದರೆ ಏನಾಗುತ್ತದೆಂದು ನಿಮಗೆ ಗೊತ್ತಲ್ಲ! ಬೆಳಿಗ್ಗೆ ಲೆನ್ಸ್ ತೆಗೆದುಕೊಂಡ ಮೇಲೆ ಡಬ್ಬಿಯನ್ನು ಬರಿದು ಮಾಡಿ, ದ್ರಾವಣದಲ್ಲೇ ತೊಳೆದು, ಒರೆಸಿ, ಮುಚ್ಚಳ ತೆಗೆದು ಬೋರಲಾಗಿ ಒಣಗಿಸಬೇಕು. ಮೂರು ತಿಂಗಳಿಗೊಮ್ಮೆಯಾದರೂ ಡಬ್ಬಿ ಬದಲಾಯಿಸಬೇಕು. ದ್ರಾವಣದ ಬಾಟಲಿಯ ಬಾಯಿಗೆ ಬೆರಳು ತಾಗಬಾರದು, ಒಡೆದ ಮೇಲೆ ಎಷ್ಟು ದಿನ ಬಳಸಬಹುದೆಂದು ಅದರ ಮೇಲೆಯೇ ಬರೆದಿರುತ್ತದೆ. ಮಗಳಿಂದ ಓದಿಸಿ ಕೇಳಿಕೊಳ್ಳಿ.

ಲೆನ್ಸ್ ಕಣ್ಣಲ್ಲಿದ್ದಾಗ ಕೊಟ್ಟಿಗೆಗೆ ಬೇಡ

ಈಗ ನನ್ನ ತಪ್ಪಿನ ವಿಷಯ. ಒಂದು ಸಂಜೆ ನನಗೆ ಜ್ವರ ಬಂದಿತ್ತು. ಸಂಘದಲ್ಲಿ ಹಾಲು ಅಳೆಯುವ ಹೊತ್ತು ಮೀರುತ್ತಿತ್ತು. ಆಗಷ್ಟೇ ಬಸ್ಸಿಳಿದು ಬಂದ ಮಗಳನ್ನು ಹಾಗೇ ಕೊಟ್ಟಿಗೆಗೆ ಕಳಿಸಿದೆ. "ಅಮ್ಮಾ, ಲೆನ್ಸ್ ತೆಗೆದು ಹೋಗುತ್ತೇನೆ" ಎಂದಳು. "ಹತ್ತು ನಿಮಿಷದ ಕೆಲಸ, ಹೋಗು" ಎಂದವಳು ನಾನೇ. ಅಟ್ಟದಿಂದ ರಾಗಿ ಹುಲ್ಲು ಎಳೆಯುವಾಗ ಧೂಳು ಕಣ್ಣಿಗೆ ಬಿತ್ತು. ಅವಳು ಅದೇ ಕೈಯಿಂದ ಉಜ್ಜಿದಳು. ರಾತ್ರಿ ಹೊತ್ತಿಗೆ ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ದೀಪ ನೋಡಲು ಆಗುತ್ತಿರಲಿಲ್ಲ.

ಅತ್ತೆಯವರು ನಂದಿಬಟ್ಟಲು ಹೂವಿನ ರಸ ಬಿಡೋಣವೆಂದರು. ಪಕ್ಕದ ಮನೆಯವರು ಎದೆಹಾಲು ಹಾಕಿ ಎಂದರು. ನಾನು ಯಾವುದಕ್ಕೂ ಒಪ್ಪಲಿಲ್ಲ. ಹೋದ ವರ್ಷ ನಮ್ಮ ಹಸುವಿನ ಕಣ್ಣಿಗೆ ಹುಲ್ಲಿನ ಕಡ್ಡಿ ಚುಚ್ಚಿ, ಎರಡು ದಿನ ತಡ ಮಾಡಿದ್ದಕ್ಕೆ, ಗುಡ್ಡೆಯ ಮೇಲೆ ಹೂ ಬಿದ್ದದ್ದು ನನಗೆ ಮರೆತಿರಲಿಲ್ಲ. ಮಗಳು ಲೆನ್ಸ್ ತೆಗೆದು ಡಬ್ಬಿಗೆ ಹಾಕಿದಳು. ಬೆಳಗಾಗುವುದನ್ನೇ ಕಾದು ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಹೋದೆವು. ಡಬ್ಬಿಯನ್ನೂ ಒಯ್ದಿದ್ದೆವು. ಕಾರ್ನಿಯಾದ ಮೇಲೆ ಸಣ್ಣ ಗೀರು, ಹುಣ್ಣಾಗಿರಲಿಲ್ಲ. ಹನಿ ಔಷಧಿ ಕೊಟ್ಟು, ವಾಸಿಯಾಗಿದೆಯೆಂದು ತಾವೇ ನೋಡಿ ಹೇಳುವವರೆಗೆ ಲೆನ್ಸ್ ಮುಟ್ಟಬಾರದೆಂದರು. ಕಣ್ಣು ಉಳಿಯಿತು.

ವೈದ್ಯರು ಹೇಳಿದ ಮಾತನ್ನು ನೀವೂ ಕೇಳಿ. ಹುಲ್ಲು, ಸೋಗೆ, ಭತ್ತದ ಹೊಟ್ಟಿನಲ್ಲಿ ಬೂಸ್ಟು ಇರುತ್ತದೆ. ಅದರಿಂದ ಗೀರಿದ ಕಣ್ಣಿಗೆ ಶಿಲೀಂಧ್ರದ ಹುಣ್ಣಾಗಬಹುದು. ಬೇಸಾಯದ ಮನೆಗಳಲ್ಲಿ ಇದು ಹೊಸದೇನಲ್ಲ. ಅಂಗಡಿಯಲ್ಲಿ ಕೇಳಿ ತಂದ ಹನಿಯಲ್ಲಿ ಸ್ಟೀರಾಯ್ಡ್ ಇದ್ದರೆ, ಕೆಂಪು ಇಳಿದಂತೆ ಕಂಡರೂ ಒಳಗೆ ಹುಣ್ಣು ಬೆಳೆಯುತ್ತದೆ. ವಾಸಿಯಾದ ಮೇಲೂ ಕಲೆ ಉಳಿದರೆ ದೃಷ್ಟಿ ಮಸುಕಾಗುತ್ತದೆ.

ಅಂದಿನಿಂದ ನಮ್ಮ ಮನೆಯ ವೇಳಾಪಟ್ಟಿ ಹೀಗಿದೆ. ಬೆಳಿಗ್ಗೆ ಕನ್ನಡಕ ಹಾಕಿಕೊಂಡೇ ಸಗಣಿ ಬಾಚುವುದು, ಮೇವು ಹಾಕುವುದು, ಹಾಲು ಕರೆಯುವುದು. ಆಮೇಲೆ ಸ್ನಾನ. ಸ್ನಾನದ ನಂತರ ಲೆನ್ಸ್, ಬಸ್ಸು, ಕಾಲೇಜು. ಸಂಜೆ ಮನೆಗೆ ಬಂದ ತಕ್ಷಣ, ಬೆಳಕಿರುವಾಗಲೇ, ಲೆನ್ಸ್ ತೆಗೆದು ಕನ್ನಡಕ. ಅನಂತರವೇ ಕೊಟ್ಟಿಗೆ. ಭಾನುವಾರ ಪೂರ್ತಿ ಕನ್ನಡಕ. ಲೆನ್ಸ್ ಬಂದರೂ ಕನ್ನಡಕ ಬೇಕೇ ಬೇಕು, ಅದನ್ನು ಸರಿಯಾದ ಪವರ್‌ನಲ್ಲಿ ಇಟ್ಟಿರಿ. ಸಂಜೆಯೇ ತೆಗೆಯುವುದರಿಂದ ಇನ್ನೊಂದು ಅನುಕೂಲವಿದೆ, ಓದುತ್ತಾ ಲೆನ್ಸಿನಲ್ಲೇ ನಿದ್ದೆ ಹೋಗುವ ಭಯವಿಲ್ಲ. ಲೆನ್ಸ್ ಹಾಕಿಕೊಂಡು ಮಲಗಿದರೆ ಸೋಂಕಿನ ಅಪಾಯ ಹಲವು ಪಟ್ಟು ಹೆಚ್ಚುತ್ತದೆ.

ಈ ಲಕ್ಷಣ ಕಂಡರೆ ಕಾಯಬೇಡಿ

- ಕಣ್ಣು ಕೆಂಪಾಗಿ ನೋಯುವುದು
- ಬೆಳಕು ನೋಡಲಾಗದಿರುವುದು
- ದೃಷ್ಟಿ ಮಂಜಾಗುವುದು
- ಪಿಸುರು ಅಥವಾ ಸತತವಾಗಿ ನೀರು
- ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ

ಕೂಡಲೇ ಲೆನ್ಸ್ ತೆಗೆಯಿರಿ, ಕನ್ನಡಕ ಹಾಕಿ. ಕಣ್ಣಿಗೆ ಪಟ್ಟಿ ಕಟ್ಟಬೇಡಿ. ಹರಳೆಣ್ಣೆ, ಸೊಪ್ಪಿನ ರಸ, ಎದೆಹಾಲು ಯಾವುದನ್ನೂ ಹಾಕಬೇಡಿ. ತಡ ಮಾಡದೆ ಕಣ್ಣಿನ ವೈದ್ಯರನ್ನು ಕಾಣಿ, ಲೆನ್ಸ್ ಮತ್ತು ಡಬ್ಬಿಯನ್ನು ಜೊತೆಗೆ ಒಯ್ಯಿರಿ. ಸೋಂಕು ಯಾವುದೆಂದು ಪತ್ತೆ ಹಚ್ಚಲು ಅವು ನೆರವಾಗುತ್ತವೆ.

ಸಹೋದರಿಯರೇ, ಮಗಳು ನಮಗಿಂತ ಹೆಚ್ಚು ಓದಿದವಳು, ಅವಳ ವಸ್ತು ಅವಳಿಗೇ ಗೊತ್ತು ಎಂದು ಹಿಂದೆ ಸರಿಯಬೇಡಿ. ಕರೆಯುವ ಮುಂಚೆ ಕೆಚ್ಚಲು ತೊಳೆದು ಒರೆಸುವವರು, ಮೊದಲ ಧಾರೆಯನ್ನು ಬೇರೆ ತೆಗೆದು ನೋಡುವವರು, ಕ್ಯಾನನ್ನು ಬೋರಲು ಹಾಕಿ ಒಣಗಿಸುವವರು ನಾವು. ಶುಚಿಯಲ್ಲಿ ಒಂದು ದಿನ ತಪ್ಪಿದರೆ ಕೆಚ್ಚಲು ಬಾವು ಬರುತ್ತದೆಂದು ಬಲ್ಲವರು. ಬಾಟಲಿಯ ಮೇಲಿನ ಇಂಗ್ಲಿಷ್ ಅವಳು ಓದಲಿ. ಕೈ ಒಣಗಿದೆಯೇ, ಡಬ್ಬಿ ಬೋರಲಾಗಿದೆಯೇ, ತಾರೀಖು ಮುಗಿದಿದೆಯೇ ಎಂದು ನೀವು ನೋಡಿ. ಸಂಜೆ ಅವಳು "ಲೆನ್ಸ್ ತೆಗೆದು ಬರುತ್ತೇನೆ" ಎಂದಾಗ ಆ ಐದು ನಿಮಿಷ ಬಿಟ್ಟುಕೊಡಿ. ಹಸು ಅಷ್ಟು ಹೊತ್ತು ಕಾಯುತ್ತದೆ.